ಪ್ಲೇಟೋನ ಜರಡಿ, ನಮ್ಮ ನಿರ್ಗಮನದ್ವಾರ

ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಗ್ರೀಕರ ಸಮಗ್ರ ಶಿಕ್ಷಣದ ಆದರ್ಶವನ್ನು ಕಾಣುವ ಪ್ರಬಂಧಗಳು ವಿಚಾರಸಂಕಿರಣಗಳಲ್ಲಿ ಮಂಡನೆಯಾಗುತ್ತಿವೆ. ಸಂಗೀತ, ವ್ಯಾಯಾಮ, ಗಣಿತಗಳು ಎರಡೂ ಕಡೆ ಇವೆಯೆಂಬುದೇ ಅವುಗಳ ಮುಖ್ಯ ಆಧಾರ. ವಿಷಯಪಟ್ಟಿಗಳು ಹೊಂದಿದ ಮಾತ್ರಕ್ಕೆ ತತ್ತ್ವಗಳು ಹೊಂದುವುದಿಲ್ಲ.

‘ರಿಪಬ್ಲಿಕ್’ನ ಏಳನೆಯ ಭಾಗದ ಕಾಲಕ್ರಮವನ್ನು ಗಮನಿಸಬೇಕು. 20ರಿಂದ 30ನೆಯ ವಯಸ್ಸಿನವರೆಗೆ ಗಣಿತಶಾಸ್ತ್ರಗಳು, ಅನಂತರ 5 ವರ್ಷ ತತ್ತ್ವಜಿಜ್ಞಾಸೆ, ಮತ್ತೆ 15 ವರ್ಷ ರಾಜ್ಯದ ಹೊಣೆಗಾರಿಕೆ. 50ರಲ್ಲಿ ಪರಮಶ್ರೇಯಸ್ಸಿನ ದರ್ಶನ. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ನಮ್ಮ ನೀತಿಯಲ್ಲಾದರೋ 1 ವರ್ಷಕ್ಕೆ ಸರ್ಟಿಫಿಕೇಟು, 2ಕ್ಕೆ ಡಿಪ್ಲೊಮಾ, 3ಕ್ಕೆ ಪದವಿ, 4ಕ್ಕೆ ಸಂಶೋಧನೆಯೊಡನೆ ಪದವಿ. ಗಳಿಸಿದ ಕ್ರೆಡಿಟ್ಟುಗಳನ್ನು ಇಡಲು ಒಂದು ಬ್ಯಾಂಕೂ ಉಂಟು!

ಪ್ಲೇಟೋನೂ ಹಂತಹಂತವಾಗಿ ಜರಡಿ ಹಿಡಿಯಲಿಲ್ಲವೇ ಎಂದು ಕೇಳುವವರಿದ್ದಾರೆ. ಹಿಡಿದನು, ನಿಜ. ಆದರೆ ಆ ಜರಡಿ ಸಾಮರ್ಥ್ಯದ್ದು. ಚಿನ್ನದ ತಂದೆತಾಯಿಗೆ ಕಂಚಿನ ಮಗು, ಕಂಚಿನವರಿಗೆ ಚಿನ್ನದ್ದು ಹುಟ್ಟಬಹುದೆಂದು ಅವನು ಒಪ್ಪಿದ್ದನು, ಸ್ತ್ರೀಯರನ್ನೂ ಹೊರಗಿಡಲಿಲ್ಲ. ನಮ್ಮಲ್ಲಿ ಮೊದಲ ವರ್ಷಕ್ಕೇ ಹೊರಡುವವರು ಯಾರು? ಎರಡನೆಯ ವರ್ಷದ ಶುಲ್ಕಕ್ಕೆ ದಾರಿಯಿಲ್ಲದವನು, ಮದುವೆ ಗೊತ್ತಾದವಳು. ಹಿಂದೆ ಇದನ್ನು ವ್ಯವಸ್ಥೆಯ ಸೋಲೆಂದು ಲೆಕ್ಕ ಹಾಕುತ್ತಿದ್ದೆವು. ಈಗ ಕೈಗೊಂದು ಸರ್ಟಿಫಿಕೇಟು ಕೊಟ್ಟು ‘ನಿರ್ಗಮನ’ವೆಂದು ಬರೆದುಕೊಂಡರೆ ಆ ಸೋಲು ದಾಖಲೆಯಿಂದಲೇ ಮಾಯವಾಗುತ್ತದೆ. ನನ್ನ ಮುಖ್ಯ ಆಕ್ಷೇಪ ಇದು. ಮರಳಿ ಸೇರಲು ಅವಕಾಶವಿದೆಯಲ್ಲ ಎನ್ನುವುದು ಕಾಗದದ ಸಮಾಧಾನ. ಮರಳುವುದಕ್ಕೆ ಹಣ ಬೇಕು, ಬಿಡುವು ಬೇಕು.

ಬಿಡುವು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ‘ಸ್ಕೂಲ್’ ಶಬ್ದದ ಮೂಲವಾದ ಗ್ರೀಕ್ ‘ಸ್ಖೋಲೆ’ಗೆ ಬಿಡುವೆಂದೇ ಅರ್ಥ. ಅರಿಸ್ಟಾಟಲನ ಶಿಕ್ಷಣವಿಚಾರ ನಿಂತಿರುವುದು ಅದರ ಮೇಲೆ. ಆ ಬಿಡುವು ನಿಂತಿದ್ದುದು ಗುಲಾಮರ ದುಡಿಮೆಯ ಮೇಲೆ. ಕೈಕಸುಬು ಸ್ವತಂತ್ರ ಪ್ರಜೆಗೆ ತಕ್ಕುದಲ್ಲವೆಂದು ಅವನು ಬಗೆದನು. 6ನೆಯ ತರಗತಿಯಿಂದಲೇ ಕಸುಬಿನ ಪರಿಚಯ ಮಾಡಿಸಬೇಕೆನ್ನುವ ನಮ್ಮ ನೀತಿ ಈ ಒಂದು ಅಂಶದಲ್ಲಿ ಅರಿಸ್ಟಾಟಲನಿಗಿಂತ ಮೇಲು. ಇದನ್ನು ಒಪ್ಪದಿರುವುದು ಅನ್ಯಾಯ.

ಗುಲಾಮರಿಲ್ಲದ ನಾಡಿನಲ್ಲಿ ಬಡವರ ಮಕ್ಕಳಿಗೆ ಆ ಬಿಡುವನ್ನು ಒದಗಿಸಬೇಕಾದುದು ಸರ್ಕಾರದ ಬೊಕ್ಕಸ: ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಕಾಯಂ ಅಧ್ಯಾಪಕರು. ಅದಕ್ಕೆ ನೀತಿ ಹೇಳುವುದು ರಾಷ್ಟ್ರದ ಉತ್ಪನ್ನದ ಶೇ. 6ರಷ್ಟು. 1968ರ ನೀತಿಯೂ ಇದೇ ಅಂಕಿಯನ್ನು ಹೇಳಿತ್ತು. 2020ನ್ನು ಅಥೆನ್ಸಿಗೆ ಹೋಲಿಸಲು ಹೊರಟ ವಿದ್ವಾಂಸರು ಮೊದಲು 1968ಕ್ಕೆ ಹೋಲಿಸಿ ನೋಡಲಿ.