ಬೆಟ್ಟಕ್ಕೆ ಎಷ್ಟು ಕೆಜಿ ಗಾಜು?

ನಮ್ಮ ಮನೆ ವಸ್ತಾರೆಯಲ್ಲಿ. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆ ಹೊರಟವರಿಗೆ ಇದು ದಾರಿಯಲ್ಲಿ ಸಿಗುವ ಊರು. ಹಾಗಾಗಿ ಬೆಟ್ಟ ಹತ್ತಲು ಬರುವ ನೆಂಟರು, ನೆಂಟರ ಮಕ್ಕಳು, ಆ ಮಕ್ಕಳ ಗೆಳೆಯರು ಒಂದು ಕಾಫಿಗಾದರೂ ನಮ್ಮಲ್ಲಿ ನಿಲ್ಲುತ್ತಾರೆ. ಕಳೆದ ಜನವರಿಯಲ್ಲಿ ಅಕ್ಕನ ಮಗ ಮೂವರು ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಎಲ್ಲರೂ ಕಾಲೇಜಿನವರು. ಮರುದಿನ ಎತ್ತಿನ ಭುಜ, ಅದರ ಮರುದಿನ ಬಲ್ಲಾಳರಾಯನ ದುರ್ಗ ಎಂದು ಅವರ ಲೆಕ್ಕ. ಕಣದಲ್ಲಿ ಕಾಫಿ ಹರಡಿತ್ತು, ಪಕ್ಕದಲ್ಲಿ ಹಣ್ಣು ತೂಗುವ ಯಂತ್ರವಿತ್ತು. ಒಬ್ಬ ಹುಡುಗನ ಕ್ಯಾಮೆರಾ ಬ್ಯಾಗನ್ನು ಜಗಲಿಗೆ ಎತ್ತಿಡಲು ಹೋದವನು ಅದರ ಭಾರಕ್ಕೆ ಬೆಚ್ಚಿ, ತಮಾಷೆಗೆಂದು ಯಂತ್ರದ ಮೇಲಿಟ್ಟೆ. ಟ್ರೈಪಾಡ್ ಸೇರಿ 9 ಕೆಜಿ 300 ಗ್ರಾಂ. ನೀರಿನ ಬಾಟಲಿ, ಬುತ್ತಿ, ಜರ್ಕಿನ್ ಯಾವುದೂ ಅದರೊಳಗಿರಲಿಲ್ಲ.

ಲೆನ್ಸುಗಳು ಅವನವಲ್ಲ. ಮೂರು ದಿನಕ್ಕೆಂದು ಬೆಂಗಳೂರಿನಲ್ಲಿ ಬಾಡಿಗೆಗೆ ತಂದದ್ದು. ಅವನದೇ ಆದ, ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದ. ಯಾಕಪ್ಪಾ ಎಂದೆ. "ಅಂಕಲ್, ಅದು ಕಿಟ್ ಲೆನ್ಸು" ಅಂದ, ಅದರ ಜಾತಿ ಹೇಳುವವನ ಹಾಗೆ.

ನನ್ನ ಜಗಳ ಆ ಹುಡುಗನ ಜೊತೆಗಲ್ಲ. ಆ ಮಾತನ್ನು ಅವನ ಬಾಯಿಗೆ ಹಾಕಿದವರ ಜೊತೆಗೆ. ಎಲ್ಲ ಫೋಟೋಗ್ರಫಿ ಶಿಬಿರಗಳಲ್ಲೂ ಒಬ್ಬರಾದರೂ ಹೇಳುವ ಮಂತ್ರವೊಂದಿದೆ: ದುಡ್ಡನ್ನು ಕ್ಯಾಮೆರಾಗೆ ಹಾಕಬೇಡಿ, ಗಾಜಿಗೆ ಹಾಕಿ. ಮದುವೆ ಮನೆಯ ಮಬ್ಬು ಬೆಳಕಲ್ಲಿ ದುಡಿಯುವವರಿಗೆ ಈ ಮಾತು ಸರಿ. ಆದರೆ ಇದನ್ನೇ ಬೆಟ್ಟಕ್ಕೂ ಹತ್ತಿಸಿಬಿಟ್ಟಿದ್ದಾರೆ. ಎಫ್/2.8 ಇಲ್ಲದವನು ಭೂದೃಶ್ಯ ತೆಗೆಯಲು ಲಾಯಕ್ಕಿಲ್ಲ ಎನ್ನುವುದು ಹುಡುಗರ ತಲೆಯಲ್ಲಿ ಕೂತಿದೆ. ಇದು ಸುಳ್ಳು. ಸುಳ್ಳು ಎಂದು ನಾನು ಹೇಗೆ ಕಲಿತೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಅದು ಹೇಳಿಕೊಳ್ಳಲು ಹಿತವಾದ ಕತೆಯಲ್ಲ.

ಮೊದಲು ಗಾಜಿನ ಲೆಕ್ಕ. ಲೆನ್ಸಿನ ನಾಭಿದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 200 ಎಂ.ಎಂ. ಲೆನ್ಸು ಎಫ್/2.8 ಆಗಬೇಕಾದರೆ ಅದರ ಮುಂಭಾಗದ ಗಾಜು ಕಡಿಮೆಯೆಂದರೂ 71 ಎಂ.ಎಂ. ಅಗಲ ಇರಲೇಬೇಕು. ಎಫ್/4 ಸಾಕೆಂದರೆ 50 ಎಂ.ಎಂ. ಅಗಲ ಸಾಕು, ಗಾಜಿನ ಹರವು ಅರ್ಧಕ್ಕೆ ಇಳಿಯಿತು. ಕ್ಯಾನನ್‌ನ ಹಳೆಯ ಇಎಫ್ 70-200 ಎಫ್/2.8 ಎರಡನೇ ಆವೃತ್ತಿ 1490 ಗ್ರಾಂ ತೂಗುತ್ತದೆ. ಅದೇ ಕಂಪನಿಯ, ಅದೇ ಕೆಂಪು ಪಟ್ಟಿಯ, ಅದೇ ಬಿಳಿ ಬಣ್ಣದ 70-200 ಎಫ್/4, ಸ್ಟೆಬಿಲೈಸರ್ ಇಲ್ಲದ್ದು, 705 ಗ್ರಾಂ. ಹೆಚ್ಚಿನ ಮುಕ್ಕಾಲು ಕಿಲೋ ನಾವು ಹೊರುವುದು ಒಂದೇ ಒಂದು ಸ್ಟಾಪ್ ಬೆಳಕಿಗಾಗಿ.

ಆ ಬೆಳಕನ್ನು ಬೆಟ್ಟದ ಮೇಲೆ ಏನು ಮಾಡುತ್ತೇವೆ? ಏನೂ ಇಲ್ಲ. ಹತ್ತಿರದ ಹುಲ್ಲಿನಿಂದ ದೂರದ ಸಾಲಿನವರೆಗೆ ಸ್ಪಷ್ಟ ಬೇಕು ಎಂದು ಎಲ್ಲರೂ ಎಫ್/8ಕ್ಕೋ ಎಫ್/11ಕ್ಕೋ ಕಿಂಡಿ ಮುಚ್ಚುತ್ತೇವೆ. ಎಫ್/8ರಲ್ಲಿ ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಲೆನ್ಸಿಗೂ ದುಬಾರಿ ಲೆನ್ಸಿಗೂ ಇರುವ ಅಂತರ ಬಲು ಕಡಿಮೆ. ಅದನ್ನು ಕಾಣಬೇಕಾದರೆ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಮೂಲೆಗಳನ್ನು ಹುಡುಕಬೇಕು. ಫೆಬ್ರವರಿ ಕಳೆದ ಮೇಲೆ ಮುಳ್ಳಯ್ಯನಗಿರಿಯಲ್ಲಿ ನಿಂತು ನೋಡಿ: ನಿಮಗೂ ಎದುರಿನ ಸಾಲಿಗೂ ನಡುವೆ ಇರುವ ಧೂಳು, ಹೊಗೆ, ಬಿಸಿಗಾಳಿ ಯಾವ ಕಂಪನಿಯ ಗಾಜನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಆ ಹುಡುಗನ ಬ್ಯಾಗಿನಲ್ಲಿದ್ದದ್ದು ಇನ್ನೂ ತಮಾಷೆ. ಅವನ ಕ್ಯಾಮೆರಾದ ಸೆನ್ಸರ್ ಚಿಕ್ಕದು. ಅದಕ್ಕೆ ಅವನು 790 ಗ್ರಾಮಿನ 16-35 ತಂದಿದ್ದ. ಆ ಕ್ಯಾಮೆರಾದಲ್ಲಿ ಅದು ಕೊಡುವ ಅಗಲ, ಮನೆಯಲ್ಲಿ ಬಿಟ್ಟುಬಂದ 205 ಗ್ರಾಮಿನ ಕಿಟ್ ಲೆನ್ಸಿಗಿಂತ 2 ಎಂ.ಎಂ.ನಷ್ಟು ಹೆಚ್ಚು, ಅಷ್ಟೇ. ನಿಜವಾಗಿ ಅಗಲ ಬೇಕಿದ್ದರೆ ಅದೇ ಕಂಪನಿಯ 10-18 ಇದೆ, 240 ಗ್ರಾಂ. ಅದನ್ನು ಬಾಡಿಗೆಗೆ ಕೇಳಲು ಅವನಿಗೆ ನಾಚಿಕೆಯಾಯಿತಂತೆ.

ಈಗ ನನ್ನ ಕತೆ.

2016ರ ಅಕ್ಟೋಬರಿನಲ್ಲಿ ಕುದುರೆಮುಖಕ್ಕೆ ಹೋಗಿದ್ದೆ. ಮುಳ್ಳೋಡಿಯಿಂದ ಹೊರಟು, ಹೊಳೆ ಹಳ್ಳ ದಾಟಿ, ಒಂಟಿಮರದ ಮೇಲೆ ಹತ್ತಿ, 1894 ಮೀಟರಿನ ತುದಿ ಮುಟ್ಟಿ, ಕತ್ತಲಾಗುವ ಮೊದಲು ಕೆಳಗೆ ಬರಬೇಕು. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಉಳಿಯುವಂತಿಲ್ಲ. ಈ ನಿಯಮದ ಅರ್ಥ ಫೋಟೋ ತೆಗೆಯುವವರಿಗೆ ಇನ್ನೂ ಪೂರ್ತಿ ಆಗಿಲ್ಲ ಅನಿಸುತ್ತದೆ. ಸೂರ್ಯ ಹುಟ್ಟುವಾಗಲೂ ಮುಳುಗುವಾಗಲೂ ನೀವು ತುದಿಯಲ್ಲಿ ಇರುವುದಿಲ್ಲ. ಇರುವುದು ನಡುಹಗಲಿನಲ್ಲಿ, ಅದೂ ಅರ್ಧ ಗಂಟೆ, ಮಂಜು ಸರಿದರೆ ಹತ್ತು ನಿಮಿಷದ ನೋಟ. ಬೆಳಕು ಬೇಕಾದಷ್ಟು, ಸಮಯವೇ ಇಲ್ಲ. ಹಾಗಿರುವಾಗ ಎಫ್/2.8 ಕೊಡುವ ಬೆಳಕಿಗಿಂತ ಹಗುರ ಚೀಲ ಉಳಿಸುವ ಸಮಯವೇ ಅಲ್ಲಿ ಬೆಲೆಯದ್ದು.

ನನ್ನ ಬ್ಯಾಗಿನಲ್ಲಿ ನಿಕಾನ್‌ನ 14-24 ಇತ್ತು, ಸುಮಾರು ಒಂದು ಕಿಲೋ. 24-70, 900 ಗ್ರಾಂ. 70-200, 1540 ಗ್ರಾಂ. ಮೂರೂ ಎಫ್/2.8. ಮೂರನ್ನೂ ಒಟ್ಟಿಗೆ ಇಟ್ಟುಕೊಂಡವರನ್ನು ಆಗ ನಮ್ಮ ವಲಯದಲ್ಲಿ ಸ್ವಲ್ಪ ಗೌರವದಿಂದ ನೋಡುತ್ತಿದ್ದರು, ಆ ಗೌರವ ನನಗೆ ಬೇಕಿತ್ತು. ಜೊತೆಗೆ ಟ್ರೈಪಾಡ್, ಫಿಲ್ಟರುಗಳು. ಒಂಟಿಮರ ತಲುಪುವಷ್ಟರಲ್ಲಿ ನನ್ನ ಮಂಡಿ ಮಾತಾಡಲು ಶುರುಮಾಡಿತ್ತು. ದಾರಿ ತೋರಿಸಲು ಬಂದಿದ್ದ ಸಂಸೆ ಕಡೆಯ ಹುಡುಗ, ಇಪ್ಪತ್ತು ವರ್ಷ ಇರಬಹುದು, ಏನೂ ಕೇಳದೆ ಬ್ಯಾಗು ಇಸಕೊಂಡ. ಹೆಗಲಿಗೆ ಹಾಕಿಕೊಂಡವನು, "ಇದೆಂತ ಸಾರ್, ಕಲ್ಲು ತುಂಬಿದ್ದೀರಾ?" ಎಂದು ನಕ್ಕ. ನಾನೂ ನಕ್ಕೆ.

ಇಳಿಯುವಾಗ ಮುಳ್ಳೋಡಿಗೆ ಇನ್ನು ಸ್ವಲ್ಪ ಇದೆ ಎನ್ನುವಾಗ, ಹಳ್ಳದ ಪಾಚಿ ಕಟ್ಟಿದ ಕಲ್ಲಿನ ಮೇಲೆ ಅವನು ಜಾರಿದ. ಬರಿಗೈಯಲ್ಲಿ ಆ ಕಲ್ಲುಗಳನ್ನು ಅವನು ನೂರಾರು ಸಲ ದಾಟಿರುವವನು. ಬೀಳುವಾಗ ಬ್ಯಾಗು ಬಂಡೆಗೆ ಬಡಿಯದಿರಲಿ ಎಂದು ಅದನ್ನು ಮುಂದಕ್ಕೆ ಎಳೆದು ಎದೆಗವಚಿಕೊಂಡು, ಪೂರ್ತಿ ಮೈಭಾರವನ್ನು ಎಡಗೈ ಮೇಲೆ ಹಾಕಿ ಬಿದ್ದ. ನಾನು ಓಡಿ ಹೋಗಿ ಕೇಳಿದ ಮೊದಲ ಮಾತು, "ಬ್ಯಾಗು?"

"ಬ್ಯಾಗಿಗೆ ಎಂತ ಆಗ್ಲಿಲ್ಲ ಸಾರ್" ಅಂದ.

ಮಣಿಕಟ್ಟು ಮುರಿದಿತ್ತು. ಕಳಸಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆವು. ಆರು ವಾರ. ಖರ್ಚು ನಾನೇ ಕೊಟ್ಟೆ, ಅದರ ಮೇಲೂ ಒಂದಿಷ್ಟು ಕೊಟ್ಟೆ. ಆದರೆ ಆ ಆರು ವಾರ ಯಾವುದು ಎಂದು ಕಾಫಿ ಸೀಮೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅರೇಬಿಕಾ ಹಣ್ಣಾಗುವ ಕಾಲ. ಅವನ ಮನೆಯವರೆಲ್ಲ ಕೊಯ್ಲಿಗೆ ಹೋಗುವವರು, ಕೆಜಿ ಲೆಕ್ಕದಲ್ಲಿ ಸಂಬಳ. ಒಂದು ಕೈಯಲ್ಲಿ ಗಿಡ ಬಗ್ಗಿಸಿ ಹಿಡಿದು ಇನ್ನೊಂದರಲ್ಲಿ ಕೊಯ್ಯಲು ಬರುವುದಿಲ್ಲ ಎಂದಾದರೆ ಆ ವರ್ಷದ ಕೊಯ್ಲು ಹೋದ ಹಾಗೆಯೇ.

ಮನೆಗೆ ಬಂದು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದೆ. ಪ್ರತಿ ಚಿತ್ರದ ಜೊತೆ ಯಾವ ಲೆನ್ಸು, ಎಷ್ಟು ಕಿಂಡಿ ಎನ್ನುವ ಮಾಹಿತಿಯನ್ನು ಕ್ಯಾಮೆರಾ ಬರೆದಿಟ್ಟಿರುತ್ತದಲ್ಲ. ಒಟ್ಟು 214 ಚಿತ್ರ. ಎಫ್/2.8ರಲ್ಲಿ ತೆಗೆದದ್ದು ಒಂದೂ ಇಲ್ಲ. ಎಫ್/4ರಲ್ಲಿ ಮೂರು, ಅವು ಊಟ ಮಾಡುವಾಗ ತೆಗೆದ ಗೆಳೆಯರ ಮುಖ. ಉಳಿದದ್ದೆಲ್ಲ ಎಫ್/8, ಎಫ್/11. 14-24 ಒಂದು ಸಲವೂ ಬ್ಯಾಗಿನಿಂದ ಹೊರಗೆ ಬಂದಿರಲಿಲ್ಲ. ಆ ಹುಡುಗ ಕೈ ಮುರಿದುಕೊಂಡು ಕಾಪಾಡಿದ್ದ ಗಾಜನ್ನು ನಾನು ತೆರೆದೇ ಇರಲಿಲ್ಲ.

1863ರಲ್ಲಿ ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಫೋಟೋಗ್ರಾಫರ್ ಹಿಮಾಲಯಕ್ಕೆ ಮೂರು ಸಲ ಹೋದ. ಹತ್ತಾರು ಕೂಲಿಗಳ ತಲೆ ಮೇಲೆ ಗಾಜಿನ ಫಲಕ, ರಾಸಾಯನಿಕ, ಕತ್ತಲೆ ಗುಡಾರ. ಕೂಲಿಗಳು ಹೊರೆ ಬಿಟ್ಟು ಓಡಿಹೋದದ್ದನ್ನು ಅವನೇ ದೂರಿನ ದನಿಯಲ್ಲಿ ಬರೆದುಕೊಂಡಿದ್ದಾನೆ. ಓಡಿಹೋದವರ ಬಗ್ಗೆ ನನಗೆ ಗೌರವ ಇದೆ. ಆದರೂ ಬೋರ್ನ್‌ನ ಪರವಾಗಿ ಒಂದು ಮಾತು ಹೇಳಬೇಕು: ಫಲಕಕ್ಕೆ ಅಲ್ಲೇ ದ್ರಾವಣ ಹಚ್ಚಿ, ಒದ್ದೆಯಿರುವಾಗಲೇ ತೆಗೆದು, ಅಲ್ಲೇ ತೊಳೆಯಬೇಕಾಗಿದ್ದ ಕಾಲ ಅದು. ಅವನಿಗೆ ಬೇರೆ ದಾರಿ ಇರಲಿಲ್ಲ. ನಮಗಿದೆ. ಗೇಲನ್ ರೋವೆಲ್ ಎಂಬ ಅಮೆರಿಕದ ಬೆಟ್ಟ ಹತ್ತುವ ಫೋಟೋಗ್ರಾಫರ್ 1981ರಲ್ಲಿ ಲಾಸಾದ ಪೊಟಾಲಾ ಅರಮನೆಯ ಮೇಲೆ ಕಾಮನಬಿಲ್ಲು ಕೂರಿಸಿ ತೆಗೆದ ಚಿತ್ರ ಲೋಕಪ್ರಸಿದ್ಧ. ಕಾಮನಬಿಲ್ಲನ್ನು ಅರಮನೆಗೆ ಸರಿಯಾಗಿ ತಂದು ನಿಲ್ಲಿಸಲು ಅವನು ಆ ಎತ್ತರದಲ್ಲಿ ಓಡಿದ. ಕೈಯಲ್ಲಿದ್ದದ್ದು ಚಿಕ್ಕ ಫಿಲಂ ಕ್ಯಾಮೆರಾ. ನನ್ನ 2016ರ ಬ್ಯಾಗು ಹೆಗಲಲ್ಲಿದ್ದಿದ್ದರೆ ಅವನು ಅಲ್ಲೇ ಕೂತು ನೀರು ಕುಡಿಯುತ್ತಿದ್ದ.

ಭಾರದ ಲೆನ್ಸಿನ ಮೇಲಿನ ನಮ್ಮ ಮೋಹಕ್ಕೆ ಊರಿನದೇ ಒಂದು ಕಾರಣವೂ ಇದೆ. ಮೂಡಿಗೆರೆ ಸೀಮೆಯಲ್ಲಿ ಕ್ಯಾಮೆರಾ ಎಂದರೆ ನೆನಪಾಗುವುದು ತೇಜಸ್ವಿ. ಅವರಿಂದಾಗಿ ಕ್ಯಾಮೆರಾ ಹಿಡಿದವರು ಒಂದು ತಲೆಮಾರಿನಷ್ಟಿದ್ದಾರೆ, ನಾನೂ ಅವರಲ್ಲೊಬ್ಬ. ತೇಜಸ್ವಿ ತೆಗೆದದ್ದು ಹಕ್ಕಿಗಳನ್ನು. ಹಕ್ಕಿಗೆ ಉದ್ದ ಲೆನ್ಸು ಬೇಕು, ಬೆಳಕು ಬೇಕು, ಒಂದೇ ಕಡೆ ಕಾದು ಕೂರುವ ತಾಳ್ಮೆ ಬೇಕು. ಕೂತವನಿಗೆ ಭಾರ ದೊಡ್ಡ ಸಂಗತಿಯಲ್ಲ. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಬೆಟ್ಟ ಹತ್ತಲು ಹೊರಟೆವು.

ಇದರಿಂದ ನಮ್ಮ ಬೆಟ್ಟಗಳ ಚಿತ್ರಗಳಿಗೇ ನಷ್ಟವಾಗಿದೆ. ಚಂದ್ರದ್ರೋಣ ಪರ್ವತದ ಸಾವಿರಾರು ಚಿತ್ರಗಳಲ್ಲಿ ಬಹುಪಾಲು ಮೂರು ನಾಲ್ಕು ಜಾಗಗಳಿಂದ ತೆಗೆದವು, ಅವೆಲ್ಲ ಜೀಪು ನಿಲ್ಲುವ ಜಾಗಗಳು. ಮುಳ್ಳಯ್ಯನಗಿರಿಗೆ ಸರ್ಪದಾರಿಯಲ್ಲಿ ನಡೆದು ಹತ್ತಿದರೆ ಶೋಲಾ ಕಾಡು ಬೆಟ್ಟದ ಮಡಿಕೆಗಳಲ್ಲಿ ಹೇಗೆ ಅವಿತುಕೊಂಡಿದೆ ಎಂದು ಕಾಣುತ್ತದೆ. ಒಂಬತ್ತು ಕಿಲೋ ಹೊತ್ತವರು ಆ ದಾರಿ ಹಿಡಿಯುವುದಿಲ್ಲ. ಮೆಟ್ಟಿಲ ಬುಡದವರೆಗೆ ವಾಹನದಲ್ಲಿ ಬಂದು, ಟ್ರೈಪಾಡ್ ಊರಿ, ಪಕ್ಕದವರು ತೆಗೆದದ್ದನ್ನೇ ತೆಗೆದು ಇಳಿಯುತ್ತಾರೆ.

ಇನ್ನೊಂದು ಮೂಢನಂಬಿಕೆ, ಭೂದೃಶ್ಯವೆಂದರೆ ಅತಿ ಅಗಲದ ಲೆನ್ಸು ಎನ್ನುವುದು. 14 ಎಂ.ಎಂ.ನಲ್ಲಿ ತೆಗೆದರೆ ಕುದುರೆಮುಖ ಕಾಲ ಬಳಿಯ ಹುಲ್ಲಿನ ಹಿಂದೆ ಇಡ್ಲಿಯಷ್ಟಾಗುತ್ತದೆ. ನಮ್ಮದು ಹಿಮಾಲಯದ ಹಾಗೆ ಮೈಮೇಲೆ ಬೀಳುವ ಬೆಟ್ಟಗಳಲ್ಲ. ಒಂದರ ಹಿಂದೆ ಒಂದು ಸಾಲು, ಸಾಲುಗಳ ನಡುವೆ ಮಂಜು. ಆ ಸಾಲುಗಳನ್ನು ಹತ್ತಿರ ತಂದು ಒಂದರ ಮೇಲೊಂದು ಪೇರಿಸುವುದು ಟೆಲಿ ಲೆನ್ಸು. ವಿದ್ಯಾರ್ಥಿಗಳು ಬೇಸರ ಮಾಡಿಕೊಳ್ಳುವ ಆ 55-250, 375 ಗ್ರಾಂ ತೂಗುವುದು, ಬಲ್ಲಾಳರಾಯನ ದುರ್ಗದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ. ಕಿಟ್ ಲೆನ್ಸನ್ನೂ ಸೇರಿಸಿದರೆ ಎರಡಕ್ಕೂ 580 ಗ್ರಾಂ. ಒಂದು ಲೀಟರ್ ನೀರಿನ ಅರ್ಧಕ್ಕಿಂತ ತುಸು ಹೆಚ್ಚು.

ಎದುರು ವಾದ ಇಲ್ಲವೆಂದಲ್ಲ. ರಾತ್ರಿ ನಕ್ಷತ್ರ ತೆಗೆಯುವವರಿಗೆ ಎಫ್/2.8 ಬೇಕು, ಒಪ್ಪಿದೆ. ಆದರೆ ರಾತ್ರಿ ಉಳಿಯಲು ಬಿಡದ ಬೆಟ್ಟಕ್ಕೆ ಅದನ್ನು ಹೊತ್ತು ಏನು ಪ್ರಯೋಜನ? ದುಬಾರಿ ಲೆನ್ಸಿನೊಳಗೆ ಮಳೆ ಇಳಿಯದ ಹಾಗೆ ರಬ್ಬರ್ ಇರುತ್ತದೆ ಎನ್ನುವುದೂ ನಿಜ, ಮಲೆನಾಡಿನಲ್ಲಿ ಅದು ಸಣ್ಣ ಮಾತಲ್ಲ. ನಾನು ಕೊಡೆ ಮತ್ತು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕೆಲಸ ಸಾಗಿಸುತ್ತೇನೆ, ಕೆಲವೊಮ್ಮೆ ಚಿತ್ರ ತಪ್ಪುತ್ತದೆ. ಆದರೆ ಇಲ್ಲಿ ಲೆನ್ಸಿನ ದೊಡ್ಡ ಶತ್ರು ಮಳೆಯಲ್ಲ, ಬೂಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೀರುವಿನಲ್ಲಿಟ್ಟ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಅದಕ್ಕೆ ಬೆಲೆಯ ಭೇದವಿಲ್ಲ. ಒಂಟಿಮರದ ಮೇಲೆ ಹೊರಗೆ ಬಾರದ ನನ್ನ 14-24 ಕೊನೆಗೆ ಹಾಳಾದದ್ದು ಹಾಗೆಯೇ, ಮನೆಯಲ್ಲಿ ಕೂತು.

ಈಗ ನನ್ನ ಚೀಲದಲ್ಲಿ 385 ಗ್ರಾಮಿನ 18-35 ಇದೆ, 680 ಗ್ರಾಮಿನ 70-300 ಇದೆ. ಎರಡೂ ಸೇರಿ ಹಿಂದಿನ 14-24 ಒಂದರಷ್ಟೇ ತೂಕ. ಟ್ರೈಪಾಡನ್ನು ಮನೆಯಲ್ಲೇ ಬಿಡುತ್ತೇನೆ. ಚೀಲವನ್ನು ನಾನೇ ಹೊರುತ್ತೇನೆ. ಟ್ರೆಕ್ಕಿಂಗ್‌ಗೆ ಜನ ಕರೆದುಕೊಂಡು ಬರುವವರಿಗೆ ನನ್ನದೊಂದು ಬೇಡಿಕೆ ಇದೆ. ಗೈಡುಗಳ ದಿನದ ಸಂಬಳದೊಳಗೆ ನಿಮ್ಮ ಗಿರಾಕಿಯ ಗಾಜು ಹೊರುವುದು ಸೇರಿಲ್ಲ ಎಂದು ಮೊದಲೇ ಬರೆದು ಹಾಕಿ. ಹೊರಿಸಲೇಬೇಕು ಎನ್ನುವವರಿಂದ ಕಾಫಿ ಕೊಯ್ಲಿನ ಹಾಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡಿಸಿ, ಹತ್ತುವ ಮೊದಲು ತೂಗಿ. ತೂಗುವ ಯಂತ್ರ ಇಲ್ಲಿ ಯಾವ ತೋಟದಲ್ಲಾದರೂ ಸಿಗುತ್ತದೆ.

ಇದನ್ನೆಲ್ಲ ಅಂದು ಜಗಲಿಯಲ್ಲಿ ಕೂತು ಆ ಹುಡುಗನಿಗೆ ಹೇಳಿದೆ. ಅವನು ಗೌರವದಿಂದ ಕೇಳಿಸಿಕೊಂಡ. "ಬಾಡಿಗೆ ಕಟ್ಟಿಬಿಟ್ಟಿದ್ದೀನಲ್ಲ ಅಂಕಲ್" ಅಂದ. ಬೆಳಿಗ್ಗೆ ಅಷ್ಟನ್ನೂ ಹೊತ್ತುಕೊಂಡೇ ಎತ್ತಿನ ಭುಜಕ್ಕೆ ಹೊರಟ. ಸಂಜೆ ಗೇಟಿನ ಹತ್ತಿರ ವ್ಯಾನು ನಿಂತಾಗ ಬ್ಯಾಗು ನನ್ನ ಅಕ್ಕನ ಮಗನ ಹೆಗಲಲ್ಲಿತ್ತು. ಮರುದಿನ ದುರ್ಗಕ್ಕೆ ಹೋಗುವಾಗ ಎರಡು ಲೆನ್ಸನ್ನು ನಮ್ಮ ಬೀರುವಿನಲ್ಲಿ ಇಟ್ಟು, ನನ್ನ ಹೆಂಡತಿಯ ಹತ್ತಿರ ಹೆಚ್ಚುವರಿ ಒಂದು ಬಾಟಲಿ ನೀರು ಕೇಳಿ ತುಂಬಿಸಿಕೊಂಡು ಹೋದ.