ಪಟ್ಟಿ ಸಿದ್ಧಪಡಿಸುವವರು ಯಾರು?

ಚುನಾವಣೆಯ ದಿನ ಮತದಾರನ ಕೈಗೆ ಬರುವುದು ಆಯ್ಕೆಯ ಕೊನೆಯ ಹಂತ ಮಾತ್ರ. ಅವನ ಮುಂದೆ ಯಾರ ಹೆಸರುಗಳಿರಬೇಕೆಂಬುದು ಅದಕ್ಕೂ ಬಹಳ ಮೊದಲೇ ತೀರ್ಮಾನವಾಗಿರುತ್ತದೆ. ವೋಚರುಗಳನ್ನು ನೋಡದೆ ಅಢಾವೆ ಪತ್ರಿಕೆಗೆ ಸಹಿ ಹಾಕಬಾರದೆಂಬ ಶಿಸ್ತಿನಲ್ಲಿ ಬೆಳೆದ ಲೆಕ್ಕಪರಿಶೋಧಕನಾದ ನನಗೆ ಈ ಮೊದಲ ಹಂತವೇ ಮುಖ್ಯವಾಗಿ ಕಾಣುತ್ತದೆ.

ಅಮೆರಿಕದ ಡೆಮಾಕ್ರಟಿಕ್ ಪಕ್ಷ ಈ ಪಾಠ ಕಲಿತದ್ದು 1968ರಲ್ಲಿ. ಆ ವರ್ಷ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ, ಮುಖಂಡರ ಬೆಂಬಲದಿಂದಲೇ ಅಧ್ಯಕ್ಷೀಯ ಅಭ್ಯರ್ಥಿಯಾದರು. ಷಿಕಾಗೋ ಅಧಿವೇಶನದ ಹೊರಗೆ ಯುದ್ಧವಿರೋಧಿ ಯುವಜನರ ಮೇಲೆ ಲಾಠಿ ಬೀಸಲಾಯಿತು. ನವೆಂಬರಿನಲ್ಲಿ ಪಕ್ಷ ಸೋತಿತು. ಬಳಿಕ ಮೆಕ್‌ಗವರ್ನ್–ಫ್ರೇಸರ್ ಆಯೋಗದ ಸುಧಾರಣೆಗಳಿಂದಾಗಿ, 1972ರಿಂದ ಪ್ರೈಮರಿಗಳೇ ಆಯ್ಕೆಯ ಮುಖ್ಯ ಮಾರ್ಗವಾದವು.

ಕಾಕಸ್ ಮತ್ತು ಪ್ರೈಮರಿಗಳ ಅಂತರ ಗಮನಾರ್ಹವಾದುದು. 2020ರಲ್ಲಿ ಅಯೋವಾ ರಾಜ್ಯದ ಡೆಮಾಕ್ರಟರು ಚಳಿಗಾಲದ ಒಂದು ರಾತ್ರಿ ಶಾಲೆ, ಚರ್ಚುಗಳಲ್ಲಿ ಸೇರಿ, ತಮ್ಮ ತಮ್ಮ ಅಭ್ಯರ್ಥಿಯ ಪರವಾಗಿ ಎಲ್ಲರೆದುರು ಗುಂಪುಗೂಡಿ ನಿಂತರು. ಸಾಮಾನ್ಯವಾಗಿ ಶೇ. 15ರಷ್ಟು ಬೆಂಬಲ ಸಿಗದ ಗುಂಪಿನವರು ಬೇರೆ ಗುಂಪನ್ನು ಸೇರಬಹುದಿತ್ತು. ನೋಡಲು ಇದು ಗ್ರಾಮಸಭೆಯಷ್ಟೇ ಸುಂದರ. ಆದರೆ ರಾತ್ರಿ ಪಾಳಿಯ ದಾದಿ, ಹಸುಗೂಸಿನ ತಾಯಿ, ನಡೆಯಲಾರದ ಹಿರಿಯರು ಅಲ್ಲಿಗೆ ಬರುವುದೆಂತು? ನೆರೆಯವನ ಕಣ್ಣೆದುರು ಮನಸ್ಸು ಬಿಚ್ಚುವುದೆಂತು? ಪ್ರೈಮರಿಯಲ್ಲಾದರೋ ಮತಗಟ್ಟೆಯಿದೆ, ಗುಪ್ತ ಮತದಾನವಿದೆ. ಹಣದ ಪ್ರಭಾವ, ಕಡಿಮೆ ಮತದಾನ, ಗಟ್ಟಿದನಿಯವರ ಮೇಲುಗೈ ಎಂಬ ದೋಷಗಳು ಅಲ್ಲಿಯೂ ಉಂಟು. ಆದರೂ ಬಾಗಿಲು ಹೆಚ್ಚು ಮಂದಿಗೆ ತೆರೆದಿರುತ್ತದೆ.

‘ಪಕ್ಷ ಖಾಸಗಿ ಸಂಸ್ಥೆ, ಅದರ ಆಯ್ಕೆ ಅದರ ಮನೆಯ ವಿಚಾರ’ ಎನ್ನುವವರಿದ್ದಾರೆ. ಟೆಕ್ಸಾಸಿನ ಡೆಮಾಕ್ರಟರು ಇದೇ ನೆಪದಿಂದ ಕಪ್ಪುಜನರನ್ನು ಪ್ರೈಮರಿಯಿಂದ ಹೊರಗಿಟ್ಟಿದ್ದರು. 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು.

ನಮ್ಮಲ್ಲಿ ಬಿ ಫಾರಂ ಯಾರ ಕೈಸೇರಬೇಕೆಂದು ನಿರ್ಧರಿಸುವುದು ಹೈಕಮಾಂಡ್. ಪಕ್ಷಗಳ ನೋಂದಣಿಗೆ ಕಾನೂನಿದೆ. ಅಭ್ಯರ್ಥಿಯನ್ನು ಸದಸ್ಯರೇ ಆರಿಸಬೇಕೆಂಬ ಕಾನೂನಿಲ್ಲ. 2014ರಲ್ಲಿ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿಯ ಪ್ರಯೋಗ ನಡೆಸಿತು. ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅವುಗಳಲ್ಲಿ ಸೇರಿದ್ದವು. ಎರಡೂ ಕಡೆ ಪಕ್ಷ ಸೋತಿತು. ಆದರೆ ಹೈಕಮಾಂಡ್ ಆರಿಸಿದವರೂ ಆ ವರ್ಷ ದೇಶದುದ್ದಕ್ಕೂ ಸೋತರು. ಸೋಲಿನ ಹೊಣೆಯನ್ನು ಪದ್ಧತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪಕ್ಷಗಳನ್ನು ದೂರುವ ಮುನ್ನ ನಮ್ಮ ಸಮಾಜದ ಸಂಘಗಳನ್ನೂ ನೋಡಿಕೊಳ್ಳೋಣ. ಊರು ಬಿಟ್ಟು ಬಂದ ನಮಗೆ ಬಸದಿ, ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ ಎಲ್ಲವೂ ಈ ಸಂಘಗಳ ಕೈಯಲ್ಲಿವೆ. ನಾನು ಕಂಡ ಎಷ್ಟೋ ನಡಾವಳಿ ಪುಸ್ತಕಗಳಲ್ಲಿ ವರ್ಷವರ್ಷವೂ ಒಂದೇ ವಾಕ್ಯ: ‘ಪದಾಧಿಕಾರಿಗಳು ಅವಿರೋಧವಾಗಿ ಆಯ್ಕೆಯಾದರು.’ ಪಟ್ಟಿ ಸಿದ್ಧವಾದದ್ದು ಹಿಂದಿನ ವಾರ, ಯಾರದೋ ಮನೆಯ ಪಡಸಾಲೆಯಲ್ಲಿ. ಸರ್ವಸದಸ್ಯರ ಸಭೆ ಸಂಜೆ ಐದಕ್ಕೆ. ಸೂರ್ಯಾಸ್ತಕ್ಕೆ ಮುನ್ನ ಮನೆಯವರಿಗೆ ಊಟ ಬಡಿಸಬೇಕಾದ ತಾಯಂದಿರು ಆ ಹೊತ್ತಿಗೆ ಅಡುಗೆಮನೆಯಲ್ಲಿ. ಬಂದವರೂ ದೊಡ್ಡ ದಾನಿಗಳ ಎದುರು ಕೈಯೆತ್ತಲು ಹಿಂಜರಿಯುತ್ತಾರೆ. ಅಯೋವಾದ ಕಾಕಸ್ ನಮ್ಮ ಮನೆಯಂಗಳದಲ್ಲಿಯೇ ನಡೆಯುತ್ತಿದೆ.

ದಾನ ಪುಣ್ಯದ ಕಾರ್ಯ. ಅದು ಮತದ ಬೆಲೆಯಾಗಬಾರದು. ಸತ್ಯಕ್ಕೆ ಹಲವು ಮುಖಗಳೆಂದು ಜಗತ್ತಿಗೆ ಹೇಳಿದ ಅನೇಕಾಂತದ ವಾರಸುದಾರರು ಎರಡನೆಯ ಹೆಸರಿಗೇ ಅಂಜಬೇಕೆ? ಮುಂದಿನ ಮಹಾಸಭೆಗೆ ಮೂರು ನಿಯಮಗಳು ಸಾಕು: ಒಂದು ತಿಂಗಳು ಮೊದಲೇ ನಾಮಪತ್ರದ ಬಹಿರಂಗ ಆಹ್ವಾನ, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಗುಪ್ತ ಮತದಾನ, ಮನೆಯ ಯಜಮಾನನಿಗಷ್ಟೇ ಅಲ್ಲದೆ ಪ್ರತಿ ವಯಸ್ಕ ಸದಸ್ಯರಿಗೂ ಒಂದು ಮತ. ಇಷ್ಟನ್ನು ನಾವು ಮಾಡಿದ ಮೇಲೆ ಪಕ್ಷಗಳಿಂದಲೂ ಇದನ್ನೇ ಕೇಳುವ ನೈತಿಕ ಹಕ್ಕು ನಮಗೆ ಬರುತ್ತದೆ.