ಆಡುವವರು ಕೋಟಿ ಕೋಟಿ, ಕಲಿಯುವವರು ಎಲ್ಲಿ?

ಹೋದ ತಿಂಗಳು ಬಳ್ಳಾರಿಯ ಒಂದು ಗೊಬ್ಬರದಂಗಡಿಯ ಕಟ್ಟೆ ಮೇಲೆ ಕೂತಿದ್ದೆ. ಲಾರಿಯಿಂದ ಇಳಿಸುತ್ತಿದ್ದ ಪೊಟ್ಯಾಷ್ ಚೀಲದ ಮೇಲೆ, ಬಂದ ದೇಶ ರಷ್ಯಾ ಎಂದು ಅಚ್ಚಾಗಿತ್ತು. ಅಂಗಡಿಯ ಶೆಟ್ಟರು ಅದನ್ನು ನೋಡಿ, "ಅಲ್ಲ ಕವಿಗಳೇ, ಗೊಬ್ಬರ ಅವರದು, ಸೂರ್ಯಕಾಂತಿ ಎಣ್ಣೆ ಅವರದು, 2022 ರಿಂದ ಈಚೆಗೆ ಕಚ್ಚಾ ತೈಲ ಬೇರೆ ಅಲ್ಲಿಂದ ಹಡಗುಗಟ್ಟಲೆ ಬಂತು. ಅವರ ಭಾಷೆ ಬರೋನು ನಮ್ಮ ಬಳ್ಳಾರಿ, ರಾಯದುರ್ಗದಾಗೆ ಒಬ್ಬನಾದ್ರೂ ಅದಾನೇನು?" ಎಂದರು. ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಬಸ್ಸು ಹತ್ತಿ ನನ್ನ ಜೊತೆಗೇ ಗಡಿ ದಾಟಿ ಊರಿಗೆ ಬಂತು.

ರಷ್ಯನ್ ಸಣ್ಣ ಭಾಷೆಯಲ್ಲ. ಮನೆಮಾತಿನವರು, ಕಲಿತು ಆಡುವವರು ಎಲ್ಲ ಸೇರಿ ಸುಮಾರು 25 ಕೋಟಿ ಜನ. ವಿಶ್ವಸಂಸ್ಥೆಯ 6 ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಟಾಲ್‌ಸ್ಟಾಯ್, ಚೆಕಾಫ್ ಬರೆದ ಭಾಷೆ. ಜಪಾನಿ ಆಡುವವರು 12 ಕೋಟಿಯ ಸುಮಾರು, ಜರ್ಮನ್ ಮನೆಮಾತಿನವರು ಅದಕ್ಕಿಂತಲೂ ಕಡಿಮೆ. ಆದರೂ ಬೆಂಗಳೂರಿನಲ್ಲಿ ದುಡ್ಡು ಕಟ್ಟಿ ಜರ್ಮನ್, ಜಪಾನಿ ಕಲಿಯುವ ಹುಡುಗರು ಸಿಗುತ್ತಾರೆ. ರಷ್ಯನ್ ಕಲಿಯುವವರನ್ನು ಹುಡುಕಬೇಕು. ತಲೆ ಎಣಿಸಿದರೆ ಈ ಲೆಕ್ಕ ಕೂಡುವುದಿಲ್ಲ.

ಅದು ಕಷ್ಟದ ಭಾಷೆ, ಅದಕ್ಕೇ ಯಾರೂ ಕಲಿಯೋದಿಲ್ಲ ಎನ್ನುವವರಿದ್ದಾರೆ. ಇಂಗ್ಲಿಷಿನವರಿಗೆ ಹಾಗನ್ನಿಸಬಹುದು. ಅಕ್ಷರ 33. ಕನ್ನಡ, ತೆಲುಗು ಎರಡೂ ವರ್ಣಮಾಲೆ ತಿದ್ದಿದ ನಮ್ಮಂಥವರಿಗೆ ಅದೇನು ಮಹಾ? ವಿಭಕ್ತಿ 6, ನಾವು ಮೇಷ್ಟ್ರ ಬೆತ್ತಕ್ಕೆ ಹೆದರಿ 7 ವಿಭಕ್ತಿ ಬಾಯಿಪಾಠ ಮಾಡಿದವರು. ಎರಡಕ್ಕೆ 'ದ್ವಾ', ಮೂರಕ್ಕೆ 'ತ್ರಿ' ಅಂತಾರೆ, ಸಂಸ್ಕೃತದ ದಾಯಾದಿ. ಕಷ್ಟ ಇರೋದು ಕ್ರಿಯಾಪದದಲ್ಲಿ. ಕೆಲಸ ಮುಗಿದಿದ್ದರೆ ಒಂದು ರೂಪ, ನಡೆಯುತ್ತಾ ಇದ್ದರೆ ಇನ್ನೊಂದು, ಹೀಗೆ ಜೋಡಿ ಜೋಡಿಯಾಗಿ ನೆನಪಿಡಬೇಕು. ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೋ ಕೇಳಿಯೇ ತಿಳೀಬೇಕು. ಇರಲಿ, ಇಂಗ್ಲಿಷಿನ ಕಾಗುಣಿತ ಇದಕ್ಕಿಂತ ಸುಲಭವೇನು? ಕಷ್ಟ ಅಂತ ಇಂಗ್ಲಿಷನ್ನು ನಮ್ಮಲ್ಲಿ ಯಾರು ಬಿಟ್ಟರು?

ನಾನು ಮೊಳಕಾಲ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ್ದು 80 ರ ದಶಕದಲ್ಲಿ. ಆ ಕಾಲಕ್ಕೆ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳು ನಮ್ಮ ಕಡೆಗೂ ಬರುತ್ತಿದ್ದವು. ಪ್ರಗತಿ, ರಾದುಗ, ಮೀರ್ ಪ್ರಕಾಶನದವು. ಗಟ್ಟಿ ರಟ್ಟು, ಒಳ್ಳೆ ಚಿತ್ರ, ಬೆಲೆ ಮಾತ್ರ ಶೇಂಗಾ ಮಿಠಾಯಿ ಬಿಟ್ಟರೆ ಉಳಿಯುವಷ್ಟು. ಗಾರ್ಕಿಯ ತಾಯಿಯ ಕತೆಯನ್ನು ನಾನು ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದೆ. ತೆಲುಗಿನ ಉಪ್ಪಲ ಲಕ್ಷ್ಮಣರಾವ್ ಅವರಂಥ ಲೇಖಕರು ಮಾಸ್ಕೋದಲ್ಲೇ ಕೂತು ಅನುವಾದ ಮಾಡಿದವರು. ನನ್ನ ಪದ್ಯಕ್ಕೆ ಆ ಪುಸ್ತಕಗಳ ಋಣ ಇದೆ, ಇಲ್ಲವೆನ್ನಲಾರೆ. ಆದರೆ ಅಷ್ಟು ವರ್ಷ ಓದಿದರೂ ಒಂದು ದಿನವಾದರೂ ರಷ್ಯನ್ ಕಲಿಯೋಣ ಅನ್ನಿಸಲಿಲ್ಲ. ಯಾಕೆ ಅನ್ನಿಸಬೇಕು? ನೀರು ಮನೆ ಬಾಗಿಲಿಗೆ ಬಂದಾಗ ಕೊಡ ಹೊತ್ತು ಬಾವಿಗೆ ಹೋಗೋರು ಯಾರು?

ಸೂರ್ಯಕಾಂತಿಯದೂ ಹಾಗೇ ಆಯ್ತು. ನಮ್ಮ ಎರೆಹೊಲಗಳಲ್ಲಿ ಒಂದು ಕಾಲಕ್ಕೆ ಕಣ್ಣು ಹಾಯಿಸಿದಷ್ಟೂ ಹಳದಿ. ಆ ಬೆಳೆಯ ಸುಧಾರಿತ ತಳಿಗಳು ದೇಶಕ್ಕೆ ಬಂದಿದ್ದು 1969 ರಲ್ಲಿ, ಸೋವಿಯತ್ ದೇಶದಿಂದ. ಪೆರೆಡೋವಿಕ್, ಆರ್ಮಾವಿರ್‌ಸ್ಕಿ ಅಂತ ಹೆಸರು. ಬೀಜ ಬಂತು, ಬೆಳೆ ಬಂತು, ಮಾತು ಬರಲಿಲ್ಲ. ನಾಲಿಗೆ ತಿರುಗದ ಆ ಹೆಸರುಗಳನ್ನೂ ನಾವು ಉಳಿಸಿಕೊಳ್ಳಲಿಲ್ಲ.

ಹಾಗಂತ ಕಲಿತವರೇ ಇಲ್ಲ ಎನ್ನಲಾಗದು. 1984 ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ತರಬೇತಿಗೆಂದು ರಷ್ಯನ್ ಕಲಿತರು. ಹೇಳಿಕೊಡುವವರ ಮಾತು ಅದೇ, ಗಗನನೌಕೆಯ ಒಳಗಿನ ಬರಹವೂ ಅದೇ. ಕಲಿಯದೆ ಬೇರೆ ದಾರಿ ಇರಲಿಲ್ಲ.

ಕಡ್ಡಾಯ ಮಾಡಿ ಕಲಿಸಿದ ಕಡೆ ಏನಾಯ್ತು ಅನ್ನೋದನ್ನೂ ನೋಡಬೇಕು. ಎರಡನೇ ಮಹಾಯುದ್ಧದ ನಂತರ ಪೋಲೆಂಡ್, ಹಂಗೇರಿ, ಚೆಕೊಸ್ಲೊವಾಕಿಯ, ಪೂರ್ವ ಜರ್ಮನಿಗಳಲ್ಲಿ ಶಾಲೆ ಮಕ್ಕಳೆಲ್ಲ ರಷ್ಯನ್ ಓದಲೇಬೇಕಿತ್ತು. ನಲವತ್ತು ವರ್ಷ ಓದಿದರು, ಪರೀಕ್ಷೆ ಬರೆದರು. 1989 ರಲ್ಲಿ ಆಳ್ವಿಕೆ ಬದಲಾದದ್ದೇ ತಡ, ಪುಸ್ತಕ ಮಡಚಿಟ್ಟರು. ರಷ್ಯನ್ ಮೇಷ್ಟ್ರುಗಳೇ ಮತ್ತೆ ವಿದ್ಯಾರ್ಥಿಗಳಾಗಿ ಇಂಗ್ಲಿಷ್ ಕಲಿತು ಅದನ್ನು ಪಾಠ ಹೇಳಬೇಕಾಯ್ತು. ಆ ವಯಸ್ಸಿನಲ್ಲಿ ಆ ಪಾಡು ಯಾರಿಗೂ ಬೇಡ.

ಅಮೆರಿಕದ್ದು ಇನ್ನೊಂದು ಬಗೆ. 1957 ರ ಅಕ್ಟೋಬರ್ 4 ರಂದು ರಷ್ಯಾದವರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದವರಿಗೆ ಎದೆ ಧಸಕ್ ಎಂದಿತು. ಮರುವರ್ಷವೇ ಕಾನೂನು ಮಾಡಿ ವಿಜ್ಞಾನದ ಜೊತೆಗೆ ಪರಭಾಷೆಗಳ ಕಲಿಕೆಗೂ ಹಣ ಸುರಿದರು. 1990 ರಲ್ಲಿ ಅಲ್ಲಿನ ಕಾಲೇಜುಗಳಲ್ಲಿ ರಷ್ಯನ್ ಓದುವವರು 44 ಸಾವಿರದ ಮೇಲಿದ್ದರು. 1991 ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. 1995 ರ ಹೊತ್ತಿಗೆ ಆ ಸಂಖ್ಯೆ 25 ಸಾವಿರದ ಹತ್ತಿರಕ್ಕೆ ಇಳಿಯಿತು. ಹೆದರಿಕೆಯೂ ಒಬ್ಬ ಮೇಷ್ಟ್ರೇ, ಆದರೆ ಅವನ ನೌಕರಿ ಕಾಯಂ ಅಲ್ಲ.

ಹಾಗಾದರೆ ಈಗ ಆ ಭಾಷೆಯನ್ನು ಮನಸ್ಸಿಟ್ಟು ಕಲಿಯುವವರು ಯಾರು? ಉಜ್ಬೆಕ್, ತಾಜಿಕ್, ಕಿರ್ಗಿಜ್ ಹಳ್ಳಿಗಳ ಹುಡುಗರು. ಮಾಸ್ಕೋದಲ್ಲಿ ಗಾರೆ ಕೆಲಸ, ಗುಡಿಸುವ ಕೆಲಸ ಬೇಕೆಂದರೆ ಮಾತು ಬರಬೇಕು; 2015 ರಿಂದ ಪರದೇಶದ ಕೂಲಿಗಳಿಗೆ ಭಾಷಾ ಪರೀಕ್ಷೆಯನ್ನೇ ಇಟ್ಟರು. ಅಲ್ಲಿಗೆ ಡಾಕ್ಟರಿಕೆ ಓದಲು ಹೋಗುವ ನಮ್ಮ ಮಕ್ಕಳೂ ಅಷ್ಟೇ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಹಾಸಿಗೆ ಮೇಲಿನ ಮುದುಕಿ ತನ್ನ ಹೊಟ್ಟೆನೋವನ್ನು ರಷ್ಯನ್ನಿನಲ್ಲೇ ಹೇಳುತ್ತಾಳೆ.

ಇನ್ನೊಂದು ಜಾಗ ನಮಗೆ ಹತ್ತಿರದ್ದು. ಗೋವಾದ ಮೋರ್ಜಿಮ್ ಕಡಲ ದಂಡೆ. ರಷ್ಯಾದ ಪ್ರವಾಸಿಗಳು ಅಲ್ಲಿ ಎಷ್ಟು ಬರುತ್ತಾರೆಂದರೆ ಹೋಟೆಲಿನ ತಿಂಡಿಪಟ್ಟಿ ಕೂಡ ರಷ್ಯನ್ ಲಿಪಿಯಲ್ಲಿದೆ. ನಾನು ಹೋಗಿದ್ದಾಗ ಮಣಿಸರ ಮಾರುತ್ತಿದ್ದ ಗದಗಿನ ಕಡೆಯ ಒಬ್ಬ ಲಂಬಾಣಿ ತಾಯಿ, ಎದುರಿಗಿದ್ದ ಬಿಳಿ ಹೆಂಗಸಿನ ಜೊತೆ ರಷ್ಯನ್ನಿನಲ್ಲಿ ಚೌಕಾಸಿ ಮಾಡುತ್ತಿದ್ದಳು. "ಎಲ್ಲಿ ಕಲಿತೆ ತಾಯಿ?" ಅಂದೆ. "ಕಲಿಯೋದೇನ್ರೀ, ಅವರು ತಗೊಳ್ಳೋರು, ನಾವು ಮಾರೋರು. ಹೊಟ್ಟಿ ಕಲಿಸ್ತದ" ಅಂದಳು.

ಶೆಟ್ಟರ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಮಾರುವವನು ಕೊಳ್ಳುವವನ ಭಾಷೆ ಕಲಿಯುತ್ತಾನೆ. ರಾಜಸ್ಥಾನದಿಂದ ಬಂದ ಮಾರವಾಡಿ ವರ್ಷದೊಳಗೆ ಕನ್ನಡವನ್ನೂ ತೆಲುಗನ್ನೂ ಕಲಿತು ಅಂಗಡಿ ನಡೆಸುತ್ತಾನೆ. ನಾವು ಮಾರವಾಡಿ ಕಲಿತೆವೇ? ಮೋರ್ಜಿಮ್‌ನಲ್ಲಿ ರಷ್ಯಾದವರು ಗಿರಾಕಿ. ಬಳ್ಳಾರಿಯಲ್ಲಿ ಅವರು ಮಾರುವವರು, ಅದೂ ಎದುರಿಗೆ ಬಂದು ನಿಂತವರಲ್ಲ. ಬಂದರಿನ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ ಮುಗಿದು ಚೀಲವಷ್ಟೇ ನಮ್ಮ ಕೈಗೆ ಬರುತ್ತದೆ.

ಗಡಿನಾಡಿನ ನಾವು ಈ ಲೆಕ್ಕ ಯಾಕೆ ನೋಡಬೇಕೆಂದರೆ, ನಮ್ಮ ಸಭೆಗಳಲ್ಲಿ ಕೋಟಿಗಳದೇ ಮಾತು. 2011 ರ ಜನಗಣತಿಯಂತೆ ತೆಲುಗು ಮನೆಮಾತಿನವರು 8 ಕೋಟಿ 11 ಲಕ್ಷ, ಕನ್ನಡದವರು 4 ಕೋಟಿ 37 ಲಕ್ಷ. ಎರಡೂ ವೇದಿಕೆಯಲ್ಲಿ ನಾನು ಪದ್ಯ ಓದಿದ್ದೇನೆ, ಎರಡೂ ಕಡೆ ಈ ಕೋಟಿಗೆ ಚಪ್ಪಾಳೆ ಬೀಳುವುದನ್ನು ಕಂಡಿದ್ದೇನೆ. 25 ಕೋಟಿಗೇ ಕಲಿಯುವವರು ಬಾರದಿದ್ದರೆ ನಮ್ಮ ನಾಲ್ಕು, ಎಂಟಕ್ಕೆ ತಾವಾಗಿ ಬಂದಾರೇ? ಮೊಳಕಾಲ್ಮೂರು ಕಡೆಯ ಗಿರಾಕಿ ರಾಯದುರ್ಗಕ್ಕೆ ಬಂದು ದುಡ್ಡು ಕೊಟ್ಟು ಸರಕು ಒಯ್ಯುತ್ತಾನೆ. ಅವನು ಚೀಟಿ ಕನ್ನಡದಲ್ಲಿ ಕೊಡಿ ಎಂದು ಕೇಳಿದರೆ ವ್ಯಾಪಾರಿ ಬರೆದೇ ಕೊಡುತ್ತಾನೆ. ಕೇಳೋದೇ ಇಲ್ಲ. ಎದುರಿನವರಿಗೆ ತೊಂದರೆ ಆಗಬಾರದು ಅಂತ ನಾವೇ ಮಾತು ಬದಲಿಸುತ್ತೇವೆ. ಅದು ನಮ್ಮ ಮರ್ಯಾದೆ, ತಪ್ಪು ಅನ್ನಲಾರೆ. ಆದರೆ ಅದರ ಖರ್ಚು ಎಷ್ಟೆಂದು ನನ್ನ ಮನೆಯಲ್ಲೇ ನೋಡಿದೆ.

ನನ್ನ ಸೊಸೆ ಕಲ್ಯಾಣದುರ್ಗದ ಹುಡುಗಿ, ತೆಲುಗು ಮನೆಯವಳು. ಬಂದ ದಿನದಿಂದ ನಾವೆಲ್ಲ ಅವಳೊಡನೆ ತೆಲುಗೇ ಆಡಿದೆವು. ನಾಲ್ಕು ವರ್ಷವಾಯ್ತು. ಮೊಮ್ಮಗನ ಕಿವಿಗೆ ಕನ್ನಡ ಬೀಳುವುದು ನಾನೂ ನನ್ನ ಹೆಂಡತಿಯೂ ಜಗಳಾಡುವಾಗ ಮಾತ್ರ. ಈಚೆಗೆ ಮಗುವಿಗೆ ಜ್ವರ ಬಂದು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದಳು. ನರ್ಸಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಲಾಗದೆ ಒದ್ದಾಡಿ ಬಂದವಳು, ರಾತ್ರಿ ಊಟಕ್ಕೆ ಬಡಿಸುತ್ತಾ, "ಮಾಮಯ್ಯಾ, ಇನ್ನೇಳ್ಳು ನಾಕು ಕನ್ನಡಂ ಎಂದುಕು ನೇರ್ಪಲೇದು?" ಎಂದಳು. ಇಷ್ಟು ವರ್ಷ ಯಾಕೆ ಕಲಿಸಲಿಲ್ಲ ಅಂತ. ನನ್ನ ತುತ್ತು ಕೈಯಲ್ಲೇ ಉಳಿಯಿತು.

ಮಾರನೇ ದಿನದಿಂದ ಅಡುಗೆಮನೆಯಲ್ಲಿ ಕನ್ನಡ. ಉಪ್ಪು, ಬೆಲ್ಲಕ್ಕೆ ತೊಂದರೆ ಇಲ್ಲ, ಎರಡು ಭಾಷೆಗೂ ಬೇಕಾದವು. ಗರಿಟೆ ಸೌಟಾಗೋಕೆ ಎರಡು ದಿನ ಹಿಡೀತು. ಮೊಮ್ಮಗ ಮಾತ್ರ ಒಂದೇ ದಿನಕ್ಕೆ ಕಲಿತು, ಈಗ ಅಮ್ಮನನ್ನು ತಿದ್ದುತ್ತಾನೆ.